ಫ್ಲಾಂಡರ್ಸಿನ ಕಲ್ಲುಹಾದಿಯಲ್ಲಿ

(ಕಾಸರಗೋಡಿನಲ್ಲಿ ನಡೆದ ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ನಾಲ್ವರು ಸಂಗಡಿಗರು ಕೈಕೊಂಡ ಪರದೇಶದ ಸೈಕಲ್ ಪ್ರವಾಸವನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದು ಕಾರ್ಯಕಾರೀ ಸಮಿತಿಯ ಅಪ್ಪಣೆಯಾಗಿದೆ. ಈ ವೇದಿಕೆಯ ಮೇಲೆ ನಿಂತವರು ಸಾಮಾನ್ಯವಾಗಿ ನುಡಿಯ ವಿಚಾರ, ಶಾಲೆಯ ವಿಚಾರ, ಗಡಿನಾಡಿನವರ ಹಕ್ಕುಬಾಧ್ಯತೆಗಳ ವಿಚಾರಗಳನ್ನು ಆಡುವುದು ವಾಡಿಕೆ. ಅಂಥ ವೇದಿಕೆಯಲ್ಲಿ ಸೈಕಲ್ ಪಂದ್ಯದ ಮಾತೆತ್ತುವುದು ಎಷ್ಟು ಸಂಗತ ಎಂಬ ಸಂಕೋಚ ನಮಗೆ ಇಲ್ಲದೆ ಇಲ್ಲ.

ಈ ಸಂಕೋಚಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಆಲೋಚನೆಯನ್ನು ಸಂಘದ ಮಾಸಿಕ ಸಭೆಯಲ್ಲಿ ಮೊದಲ ಬಾರಿ ಅರಿಕೆ ಮಾಡಿದಾಗ ಹಿರಿಯರೊಬ್ಬರು ಎದ್ದು, "ಮಾಷ್ಟ್ರೇ, ನಮ್ಮ ಶಾಲೆಯ ಮಾಡು ಸೋರುತ್ತಾ ಇದೆ. ಮಕ್ಕಳು ಮಳೆಗಾಲದಲ್ಲಿ ಬೆಂಚು ಎಳೆದೆಳೆದು ಕೂತುಕೊಳ್ಳುತ್ತಾರೆ. ನೀವು ನಾಲ್ಕು ಜನ ಲಕ್ಷಗಟ್ಟಲೆ ಹಣ ಹಾಕಿ, ಯಾರೋ ಸೈಕಲ್ ತುಳಿಯುವುದನ್ನು ನೋಡಿ ಬರುವುದೋ?" ಎಂದು ಕೇಳಿದರು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆ ಹಿರಿಯರು ಈ ದಿನವೂ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಆದಕಾರಣ ಈ ಭಾಷಣದ ಅರ್ಧ ಭಾಗವು ಹೋಗಬಯಸುವವರಿಗೆ ಉಪಯೋಗವಾಗುವ ವಿವರ. ಇನ್ನರ್ಧವು ಅವರ ಪ್ರಶ್ನೆಗೆ ನಾವು ತಡವಾಗಿ ಸಲ್ಲಿಸುವ ಉತ್ತರ ಎಂದು ತಾವು ಭಾವಿಸಬೇಕು.

ನಾವು ನಾಲ್ವರೆಂದರೆ ನಿವೃತ್ತ ಉಪಾಧ್ಯಾಯರಿಬ್ಬರು, ಬ್ಯಾಂಕಿನ ಕೆಲಸದಿಂದ ಬಿಡುಗಡೆ ಹೊಂದಿದವರೊಬ್ಬರು, ಅಡಕೆ ತೋಟದ ಕೃಷಿಕರೊಬ್ಬರು. ನಮ್ಮಲ್ಲಿ ಯಾರೂ ಪಂದ್ಯದ ಸವಾರರಲ್ಲ. ಭಾನುವಾರದ ಬೆಳಿಗ್ಗೆ ಕುಂಬಳೆಯಿಂದ ಬದಿಯಡ್ಕದ ಕಡೆಗೋ ಪೆರ್ಲದ ಕಡೆಗೋ ಸೈಕಲ್ ತುಳಿದು, ದಾರಿಯಲ್ಲಿ ಚಹಾ ಕುಡಿದು ಹಿಂದಿರುಗುವ ಅಭ್ಯಾಸವುಳ್ಳವರು, ಅಷ್ಟೆ.

ಸೈಕಲ್ ಪಂದ್ಯವೆಂದೊಡನೆ ಎಲ್ಲರ ಬಾಯಲ್ಲಿ ಬರುವ ಹೆಸರು ೧೯೦೩ರಲ್ಲಿ ಆರಂಭವಾದ ಫ್ರಾನ್ಸಿನ ಟೂರ್ ಪಂದ್ಯ. ಅದನ್ನು ಬಿಟ್ಟು ನಾವು ಬೆಲ್ಜಿಯಂ ದೇಶದ ಉತ್ತರ ಭಾಗವಾದ ಫ್ಲಾಂಡರ್ಸನ್ನು ಆರಿಸಿಕೊಂಡುದೇಕೆ? ಮೊದಲನೆಯದು ಖರ್ಚಿನ ಕಾರಣ. ಫ್ರಾನ್ಸಿನ ಪಂದ್ಯವು ಮೂರು ವಾರ ದೇಶವನ್ನೆಲ್ಲ ಸುತ್ತುತ್ತದೆ. ಅದನ್ನು ಹಿಂಬಾಲಿಸುವವನಿಗೆ ದಿನಕ್ಕೊಂದು ಬಿಡಾರ. 'ರೊಂಡೆ ಫಾನ್ ವ್ಲಾಂಡರೆನ್' ಎಂಬ ಫ್ಲಾಂಡರ್ಸಿನ ಪಂದ್ಯವಾದರೋ ಒಂದೇ ದಿನದ್ದು. ಏಪ್ರಿಲ್ ತಿಂಗಳ ಆರಂಭದ ಒಂದು ಭಾನುವಾರ ಬೆಳಿಗ್ಗೆ ಹೊರಟ ಸವಾರರು ೨೭೦ ಕಿಲೋಮೀಟರುಗಳಷ್ಟು ದೂರವನ್ನು ತುಳಿದು ಸಂಜೆಯೊಳಗೆ ಮುಗಿಸುತ್ತಾರೆ. ಅದರ ಕಡಿದಾದ ದಿಬ್ಬಗಳೆಲ್ಲ ಸ್ಕೆಲ್ಡೆ ನದಿಯ ದಡದ ಔಡೆನಾರ್ಡೆ ಎಂಬ ಸಣ್ಣ ಪಟ್ಟಣದ ಸುತ್ತಮುತ್ತ ಗುಂಪುಗೂಡಿವೆ. ಒಂದೇ ಕಡೆ ಬಿಡಾರ ಹೂಡಿ, ಇದ್ದ ಕಡೆಯಿಂದಲೇ ಸೈಕಲ್ ಮೇಲೆ ಎಲ್ಲವನ್ನೂ ನೋಡಬಹುದು. ಪಂದ್ಯದ ಹಿಂದಿನ ದಿನವಾದ ಶನಿವಾರ, ಅದೇ ದಿಬ್ಬಗಳ ಮೇಲೆ ಸಾಮಾನ್ಯರಿಗೂ ಒಂದು ಸವಾರಿಯಿರುತ್ತದೆ. ಹದಿನಾರು ಸಾವಿರದಷ್ಟು ಜನ ಅದರಲ್ಲಿ ಸೇರುತ್ತಾರೆ.

ಎರಡನೆಯ ಕಾರಣವು ನಮ್ಮನ್ನು ಹೆಚ್ಚಾಗಿ ಎಳೆಯಿತು. ಈ ಪಂದ್ಯವನ್ನು ಹುಟ್ಟುಹಾಕಿದ್ದು ಒಂದು ಪತ್ರಿಕೆ. ಅದೂ, ತನ್ನ ನಾಡಿನಲ್ಲಿಯೇ ಮರ್ಯಾದೆಯಿಲ್ಲದಿದ್ದ ನುಡಿಯೊಂದರ ಪತ್ರಿಕೆ.

ಬೆಲ್ಜಿಯಂ ೧೮೩೦ರಲ್ಲಿ ಸ್ವತಂತ್ರ ರಾಜ್ಯವಾದಾಗ ಅದರ ಸರ್ಕಾರ, ಸೈನ್ಯ, ನ್ಯಾಯಸ್ಥಾನ, ಉಚ್ಚಶಿಕ್ಷಣ ಎಲ್ಲವೂ ಫ್ರೆಂಚ್ ಭಾಷೆಯಲ್ಲಿದ್ದವು. ಉತ್ತರದ ಜನ ಆಡುತ್ತಿದ್ದ ಡಚ್ ನುಡಿಯು ಒಕ್ಕಲಿಗರ, ಕೂಲಿಕಾರರ, ಮನೆಯಾಳುಗಳ ನುಡಿಯೆಂದು ಎಣಿಸಲ್ಪಡುತ್ತಿತ್ತು. ಆ ನುಡಿಗೆ ಕಾನೂನಿನಲ್ಲಿ ಸಮಾನತೆ ದೊರೆತದ್ದು ೧೮೯೮ರಲ್ಲಿ. ಗೆಂಟ್ ನಗರದ ವಿಶ್ವವಿದ್ಯಾನಿಲಯವು ಪೂರ್ಣವಾಗಿ ಡಚ್ ಮಾಧ್ಯಮಕ್ಕೆ ಬಂದದ್ದು ೧೯೩೦ರಲ್ಲಿ. ಇವೆರಡರ ನಡುವಣ ಕಾಲದಲ್ಲಿ, ೧೯೧೨ರಲ್ಲಿ, 'ಸ್ಪೋರ್ಟ್‌ವೇರೆಲ್ಡ್' ಎಂಬ ಕ್ರೀಡಾಪತ್ರಿಕೆ ಹೊರಟಿತು. ಅದರ ಜೀವಾಳವಾಗಿದ್ದವನು ಕಾರೆಲ್ ಫಾನ್ ವೈನೆನ್‌ಡಾಲೆ. ೧೮೮೨ರಲ್ಲಿ ಬಡಕುಟುಂಬದಲ್ಲಿ ಹುಟ್ಟಿ, ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು, ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ಫ್ರೆಂಚ್ ಮಾತಿನ ಸಿರಿವಂತರ ಮನೆಗಳಲ್ಲಿ ದುಡಿದು, ಅಲ್ಲಿ ತನ್ನ ಮಾತಿಗಾದ ಅವಮಾನವನ್ನು ಉಂಡು ಬೆಳೆದವನು. ಅವನು ತನ್ನ ಪತ್ರಿಕೆಯಲ್ಲಿ ಜನ ಆಡುವ ಮಾತನ್ನೇ ಬರೆದ. ಪತ್ರಿಕೆಯು ನಿಲ್ಲಬೇಕಾದರೆ ಅದಕ್ಕೊಂದು ಪಂದ್ಯ ಬೇಕೆಂದು ಕಂಡುಕೊಂಡ. ೧೯೧೩ರ ಮೇ ೨೫ರಂದು ಗೆಂಟ್ ನಗರದಿಂದ ೩೭ ಸವಾರರು ಹೊರಟು, ೩೨೦ಕ್ಕೂ ಮೀರಿದ ಕಿಲೋಮೀಟರುಗಳನ್ನು ತುಳಿದರು. ಪಾಲ್ ಡೆಮಾನ್ ಎಂಬವನು ಗೆದ್ದ. ಹೀಗೆ ಕೈಬೆರಳೆಣಿಕೆಯ ಜನರೊಡನೆ ಆರಂಭವಾದ ಪಂದ್ಯವು ೧೯೧೯ರಿಂದ ಈಚೆಗೆ ಒಂದು ವರ್ಷವೂ ನಿಂತಿಲ್ಲ. ೨೦೨೦ರ ಸಾಂಕ್ರಾಮಿಕ ರೋಗದ ವರ್ಷದಲ್ಲಿಯೂ ಅಕ್ಟೋಬರ್ ತಿಂಗಳಿಗೆ ಮುಂದಕ್ಕೆ ಹೋಯಿತೇ ಹೊರತು ತಪ್ಪಲಿಲ್ಲ. ೨೦೦೪ರಿಂದ ಮಹಿಳೆಯರ ಪಂದ್ಯವೂ ನಡೆಯುತ್ತಿದೆ.

ಈ ಕಥೆಯಲ್ಲಿ ಎಲ್ಲವೂ ಹೊಗಳಿಕೆಗೆ ಅರ್ಹವೆಂದು ನಾವು ಹೇಳಲಾರೆವು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ನಾಡನ್ನು ಆಕ್ರಮಿಸಿದ್ದಾಗಲೂ ಅವರ ಒಪ್ಪಿಗೆಯೊಡನೆ ಪಂದ್ಯ ನಡೆಯಿತು. ಆ ಕಾರಣದಿಂದ ಯುದ್ಧಾನಂತರ ನಡೆಸಿದವರ ಮೇಲೆ ಆಕ್ಷೇಪಗಳೂ ಬಂದವು. ನುಡಿಯ ಮೇಲಿನ ಪ್ರೀತಿಯು ಯಾರ ಕೈ ಹಿಡಿದು ನಡೆಯುತ್ತಿದೆ ಎಂಬುದನ್ನು ಸದಾ ನೋಡಿಕೊಳ್ಳುತ್ತಿರಬೇಕೆಂಬ ಪಾಠವೂ ಅಲ್ಲಿ ಇದೆ.

ಇನ್ನು ಸನ್ನಾಹದ ವಿಚಾರ. ಇದರಲ್ಲಿ ನಮ್ಮ ಮೊದಲ ಅನುಭವವು ಸೋಲಿನ ಅನುಭವ. ೨೦೨೩ರ ಪಂದ್ಯಕ್ಕೇ ಹೋಗಬೇಕೆಂದು ನಿಶ್ಚಯಿಸಿದ್ದೆವು. ಆ ವರ್ಷದ ಪಂದ್ಯ ಏಪ್ರಿಲ್ ೨ರಂದು. ಸೈಕಲ್ಲಿನ ಚರ್ಚೆ, ದಿಬ್ಬಗಳ ಚರ್ಚೆ, ಉಡುಪಿನ ಚರ್ಚೆಗಳಲ್ಲಿ ಮೂರು ತಿಂಗಳು ಕಳೆದವು. ವೀಸಾಕ್ಕೆ ಅರ್ಜಿ ಸಲ್ಲಿಸಿದಾಗ ಮಾರ್ಚ್ ತಿಂಗಳ ನಡುಭಾಗ. ಪಂದ್ಯದ ದಿನ ಬಂದರೂ ರಹದಾರಿ ಪುಸ್ತಕಗಳು ಕೈಗೆ ಬರಲಿಲ್ಲ. ಬಿಡಾರಕ್ಕೆ ಕೊಟ್ಟ ಮುಂಗಡವೂ ವಿಮಾನದ ಚೀಟಿಯ ಬಹುಭಾಗವೂ ನಷ್ಟವಾದವು. ತಪ್ಪು ಪೂರ್ತಿಯಾಗಿ ನಮ್ಮದೇ. ಆ ಭಾನುವಾರ ಸಂಜೆ ನಾಲ್ವರೂ ಒಂದು ಮನೆಯಲ್ಲಿ ಸೇರಿ, ಸ್ಲೊವೇನಿಯಾದ ತಾದೆಯ್ ಪೊಗಾಚಾರ್ ಗೆಲ್ಲುವುದನ್ನು ಪರದೆಯ ಮೇಲೆ ನೋಡಿದೆವು. ಸೋರುವ ಮಾಡಿನ ಮಾತು ಅಂದು ನಮ್ಮೆಲ್ಲರ ನೆನಪಿಗೂ ಬಂದಿರಬೇಕು. ಯಾರೂ ಬಾಯಿ ಬಿಟ್ಟು ಆಡಲಿಲ್ಲ.

ಆದುದರಿಂದ ಹೋಗಬಯಸುವವರಿಗೆ ನಮ್ಮ ಮೊದಲ ವಿಜ್ಞಾಪನೆ ಇದು: ಎಲ್ಲಕ್ಕೂ ಮೊದಲು ಪಂದ್ಯದ ದಿನಾಂಕ ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿರಿ. ಬೆಲ್ಜಿಯಂ ದೇಶವು ಷೆಂಗೆನ್ ಒಕ್ಕೂಟಕ್ಕೆ ಸೇರಿದ್ದು. ಅಲ್ಪಾವಧಿ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಸಲ್ಲಿಸಬಹುದು. ಹದಿನೈದು ದಿನಕ್ಕಿಂತ ತಡವಾಗಕೂಡದು. ಮೂವತ್ತು ಸಾವಿರ ಯೂರೋಗಳಿಗೆ ಕಡಿಮೆಯಿಲ್ಲದ ಚಿಕಿತ್ಸಾ ವಿಮೆಯನ್ನು ಮಾಡಿಸಿರಬೇಕು. ೨೦೨೪ರ ಜೂನ್ ತಿಂಗಳಿಂದ ವಯಸ್ಕರಿಗೆ ಶುಲ್ಕ ೯೦ ಯೂರೋ. ಪ್ರತಿ ರಾತ್ರಿ ಎಲ್ಲಿ ತಂಗುವಿರಿ, ಖರ್ಚಿಗೆ ಹಣವೆಲ್ಲಿದೆ, ಹಿಂದಿರುಗುವುದು ಎಂದು ಎಂಬುದಕ್ಕೆಲ್ಲ ಕಾಗದವಿರಬೇಕು. ಸೈಕಲ್ ತುಳಿದುಕೊಂಡು ಊರೂರು ಅಲೆಯುತ್ತೇವೆ ಎಂಬ ಕವಿತೆಯ ಮಾತು ಅಲ್ಲಿ ನಡೆಯದು. ಒಂದೇ ಊರಿನಲ್ಲಿ ಬಿಡಾರ ಮಾಡಿದವರ ಅರ್ಜಿಯನ್ನು ಬರೆಯುವುದೂ ಸುಲಭ.

ಬಿಡಾರವನ್ನು ಔಡೆನಾರ್ಡೆಯಲ್ಲಿಯೇ ಮಾಡಬೇಕೆಂಬ ಆಸೆ ಸಹಜ. ಆದರೆ ಪಂದ್ಯದ ವಾರದಲ್ಲಿ ಅಲ್ಲಿ ಕೋಣೆಗಳು ಬಹುಕಾಲ ಮೊದಲೇ ಭರ್ತಿಯಾಗುತ್ತವೆ, ಬಾಡಿಗೆಯೂ ಏರುತ್ತದೆ. ನಾವು ಎರಡನೆಯ ಸಲ ಗೆಂಟ್ ನಗರದಲ್ಲಿ ತಂಗಿದೆವು. ಅಲ್ಲಿಂದ ಔಡೆನಾರ್ಡೆಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಸೈಕಲ್ಲಿಗೆ ಬೇರೆ ಚೀಟಿ ಪಡೆದರೆ ಅದನ್ನೂ ರೈಲಿನಲ್ಲಿ ಏರಿಸಬಹುದು. ಸ್ಕೆಲ್ಡೆ ನದಿಯ ದಂಡೆಯ ಮೇಲೆ ಸಮತಟ್ಟಾದ ಸೈಕಲ್ ದಾರಿಯೂ ಉಂಟು. ನಾಲ್ಕು ಜನರಿಗೆ ಅಡುಗೆಮನೆಯಿರುವ ಬಿಡಾರವನ್ನೇ ಹಿಡಿದದ್ದು ಸಸ್ಯಾಹಾರಿಗಳಾದ ನಮಗೆ ಬಹಳ ಉಪಕಾರವಾಯಿತು. ಅಲ್ಲಿಯ ಪ್ರಸಿದ್ಧವಾದ ಹುರಿದ ಆಲೂಗಡ್ಡೆಯನ್ನು ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುವ ರೂಢಿಯಿದೆ, ಕೇಳಿಯೇ ಕೊಳ್ಳಬೇಕು.

ಸ್ವಂತ ಸೈಕಲ್ಲನ್ನು ಒಯ್ಯಬೇಕೆ, ಅಲ್ಲಿ ಬಾಡಿಗೆಗೆ ಪಡೆಯಬೇಕೆ ಎಂಬುದು ನಮ್ಮಲ್ಲಿ ಅತಿ ಹೆಚ್ಚು ವಾದಕ್ಕೆ ಕಾರಣವಾದ ಪ್ರಶ್ನೆ. ಒಯ್ಯುವುದಾದರೆ ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಬೇಕು. ವಿಮಾನದವರಿಗೆ ಮೊದಲೇ ತಿಳಿಸಬೇಕು. ಇಳಿದ ಮೇಲೆ ಆ ದೊಡ್ಡ ಪೆಟ್ಟಿಗೆಯನ್ನು ರೈಲಿನಲ್ಲಿ ಹೊರಬೇಕು. ಒಂದು ವಾರದ ಮಾತಾದ್ದರಿಂದ ನಾವು ಬಾಡಿಗೆಯ ಪಕ್ಷಕ್ಕೆ ಬಂದೆವು. ಆದರೆ ಆಸನವನ್ನೂ ಪೆಡಲುಗಳನ್ನೂ ಇಲ್ಲಿಂದಲೇ ಒಯ್ದೆವು. ಕೂರುವ ಜಾಗವೂ ಕಾಲಿಡುವ ಜಾಗವೂ ಪರಿಚಿತವಾಗಿದ್ದರೆ ಉಳಿದ ಕಬ್ಬಿಣ ಯಾರದಾದರೇನು?

ಆ ದಾರಿಗೆ ತಕ್ಕ ಸೈಕಲ್ಲನ್ನು ಕೇಳಿ ಪಡೆಯಬೇಕು. ದಿಬ್ಬಗಳ ಮೇಲೆ ಹಾಸಿದ ಕಲ್ಲುಗಳು ನಮ್ಮ ಮುರಕಲ್ಲಿನಂತೆ ಕತ್ತರಿಸಿ ಜೋಡಿಸಿದವಲ್ಲ. ಮೇಲ್ಭಾಗ ಉಬ್ಬಿದ ಗಟ್ಟಿ ಕಲ್ಲುಗಳು. ನಡುನಡುವೆ ಬೆರಳು ತೂರುವ ಸಂದು. ಡಚ್ ಮಾತಿನಲ್ಲಿ ಅಂಥವಕ್ಕೆ 'ಮಕ್ಕಳ ತಲೆಗಳು' ಎಂಬ ಹೆಸರಿದೆ. ಕನಿಷ್ಠ ೨೮ ಮಿಲಿಮೀಟರು, ಸಾಧ್ಯವಾದರೆ ೩೨ ಮಿಲಿಮೀಟರು ಅಗಲದ ಟಯರಿರಬೇಕು. ಗಾಳಿಯನ್ನು ವಾಡಿಕೆಗಿಂತ ಕಡಿಮೆ ತುಂಬಿಸಬೇಕು. ಗೇರುಗಳು ಬೆಟ್ಟಕ್ಕೆ ಹೊಂದುವಂತಿರಬೇಕು: ಮುಂದೆ ೩೪ ಹಲ್ಲು, ಹಿಂದೆ ೩೨ ಹಲ್ಲು ಇದ್ದರೆ ನಮ್ಮ ವಯಸ್ಸಿನವರ ಮಂಡಿಗಳು ಬದುಕುತ್ತವೆ. ಕಲ್ಲಿನ ಮೇಲೆ ಹಿಡಿಕೆಯನ್ನು ಬಿಗಿಯಾಗಿ ಹಿಡಿದವನಿಗೆ ಕೈ ಮರಗಟ್ಟುತ್ತದೆ. ಸಡಿಲವಾಗಿ ಹಿಡಿದು, ಆಸನದ ಮೇಲೆ ಕುಳಿತು, ಒಂದೇ ಸಮನೆ ತುಳಿಯಬೇಕು. ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ.

ಅಭ್ಯಾಸವನ್ನು ೨೦೨೩ರ ಅಕ್ಟೋಬರಿನಲ್ಲಿ, ಮಳೆ ಹಿಂದೆಗೆದ ಮೇಲೆ, ಆರಂಭಿಸಿದೆವು. ಅಲ್ಲಿಯ ದಿಬ್ಬಗಳು ಎತ್ತರದವಲ್ಲ, ಕಡಿದಾದವು. ಕೊಪ್ಪೆನ್‌ಬರ್ಗ್ ಎಂಬುದರ ಉದ್ದ ೬೦೦ ಮೀಟರು ಮಾತ್ರ, ಆದರೆ ಅದರ ಅತಿ ಕಠಿನ ಭಾಗದಲ್ಲಿ ನೂರು ಅಡಿ ಮುಂದುವರಿದರೆ ಇಪ್ಪತ್ತೆರಡು ಅಡಿ ಮೇಲೇರಬೇಕು. ಪಾಟರ್‌ಬರ್ಗ್ ಇನ್ನೂ ಚಿಕ್ಕದು, ೩೬೦ ಮೀಟರು. ಅಲ್ಲಿಯೂ ಇಪ್ಪತ್ತಡಿಯ ಏರು. ಔಡೆ ಕ್ವಾರೆಮಾಂಟ್ ಎಂಬುದು ಅಷ್ಟು ಕಡಿದಲ್ಲ, ಆದರೆ ಎರಡು ಕಿಲೋಮೀಟರಿಗೂ ಮೀರಿ ಎಳೆಯುತ್ತದೆ. ಆದಕಾರಣ ನಮಗೆ ಬೇಕಾದದ್ದು ಸಣ್ಣ ಏರನ್ನು ಮತ್ತೆ ಮತ್ತೆ ಹತ್ತುವ ಅಭ್ಯಾಸ. ಪೈವಳಿಕೆ, ಬಾಯಾರುಗಳ ಒಳದಾರಿಗಳೂ ಪೊಸಡಿ ಗುಂಪೆಯ ಮಗ್ಗುಲೂ ಅದಕ್ಕೆ ಒದಗಿದವು. ನಮ್ಮ ಗಡಿನಾಡಿನ ಮುರಿದ ರಸ್ತೆಗಳನ್ನು ಕುರಿತು ನಾವು ಬಹಳ ಮನವಿಗಳನ್ನು ಬರೆದವರು. ಅವೇ ಹೊಂಡಗಳು ನಮಗೆ ಗುರುಗಳಾದವು. ಇಲ್ಲಿ ಅಭ್ಯಾಸ ಮಾಡಲಾಗದ ಒಂದೇ ವಸ್ತುವೆಂದರೆ ಚಳಿ. ಹತ್ತು ಡಿಗ್ರಿಗೂ ಕೆಳಗಿಳಿಯುವ ಬೆಳಗು, ಸಮುದ್ರದ ಕಡೆಯ ಗಾಳಿ, ಹೇಳದೆ ಬರುವ ತುಂತುರು. ಇವುಗಳಿಗಾಗಿ ಒಳಗೆ ಉಣ್ಣೆಯ ಅಂಗಿ, ಮೇಲೆ ಮಳೆಗಾಳಿ ತಡೆಯುವ ತೆಳುವಾದ ಅಂಗಿ, ಪೂರ್ಣ ಬೆರಳಿನ ಕೈಚೀಲ ಅವಶ್ಯ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ ಎಂಬುದನ್ನು ಮೊದಲ ಎರಡು ದಿನ ಗಳಿಗೆಗೊಮ್ಮೆ ಜ್ಞಾಪಿಸಿಕೊಳ್ಳಬೇಕು.

ಹೀಗೆ ಸಿದ್ಧರಾಗಿ ೨೦೨೪ರ ಮಾರ್ಚ್ ೨೬ರಂದು ಬ್ರಸಲ್ಸ್ ವಿಮಾನನಿಲ್ದಾಣದಲ್ಲಿ ಇಳಿದೆವು. ಆ ವರ್ಷದ ಪಂದ್ಯ ಮಾರ್ಚ್ ೩೧ರಂದು, ಈಸ್ಟರ್ ಹಬ್ಬದ ದಿನ. ಪಂದ್ಯಕ್ಕೆ ಮುಂಚಿನ ವಾರವೂ ಬರಿದಲ್ಲ. ಬುಧವಾರ ರೂಸೆಲಾರೆಯಿಂದ ವಾರೆಗೆಮ್‌ವರೆಗೆ ಇನ್ನೊಂದು ಪಂದ್ಯವಿರುತ್ತದೆ. ಅದರ ಕೊನೆಯನ್ನು ನೋಡಲು ಹೋದ ನಮಗೆ ಒಂದು ಊರೇ ಮೌನವಾಗುವುದನ್ನು ಕಾಣುವ ಪ್ರಸಂಗ ಒದಗಿತು. ಫ್ಲಾಂಡರ್ಸಿನವರ ಕಣ್ಮಣಿಯಾದ ವೌಟ್ ಫಾನ್ ಆರ್ಟ್ ಇಳಿಜಾರಿನಲ್ಲಿ ಬಿದ್ದು ಕೊರಳೆಲುಬನ್ನೂ ಪಕ್ಕೆಲುಬುಗಳನ್ನೂ ಮುರಿದುಕೊಂಡ. ದೊಡ್ಡ ಪರದೆಯ ಮುಂದೆ ನಿಂತಿದ್ದ ಜನರಲ್ಲಿ ವಯಸ್ಸಾದ ಒಬ್ಬಾಕೆ, ತನ್ನ ಮಗನೇ ಬಿದ್ದಂತೆ, ಸೆರಗಿಲ್ಲದ ನಾಡಿನಲ್ಲಿ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

ಗುರುವಾರ ಈಪರ್ ಪಟ್ಟಣಕ್ಕೆ ಹೋದೆವು. ಮೊದಲನೆಯ ಮಹಾಯುದ್ಧದಲ್ಲಿ ನೆಲಸಮವಾಗಿ ಮತ್ತೆ ಕಟ್ಟಲ್ಪಟ್ಟ ಊರು ಅದು. ಅಲ್ಲಿಯ ಮೆನಿನ್ ದ್ವಾರದ ಮೇಲೆ, ಸಮಾಧಿಯೂ ದೊರೆಯದ ಐವತ್ತನಾಲ್ಕು ಸಾವಿರಕ್ಕೂ ಮೀರಿದ ಯೋಧರ ಹೆಸರುಗಳಿವೆ. ಭಾರತದಿಂದ ಹೋದವರ ಹೆಸರುಗಳೂ ಅವುಗಳಲ್ಲಿವೆ. ೧೯೧೪ರ ಅಕ್ಟೋಬರ್ ಕಡೆಯಲ್ಲಿ, ಹತ್ತಿರದ ಹೊಲ್ಲೆಬೆಕೆ ಎಂಬಲ್ಲಿ ಹೋರಾಡಿದ ಖುದಾದಾದ್ ಖಾನನಿಗೆ ವಿಕ್ಟೋರಿಯಾ ಪದಕ ದೊರೆಯಿತು. ಹಿಂದೂಸ್ಥಾನದ ಸೈನಿಕನೊಬ್ಬನಿಗೆ ಆ ಪದಕ ಸಂದದ್ದು ಅದೇ ಮೊದಲು. ನಾವು ಹೋದಾಗ ದ್ವಾರದ ಜೀರ್ಣೋದ್ಧಾರ ನಡೆಯುತ್ತಿತ್ತು. ಆದರೂ ಪ್ರತಿಸಂಜೆ ಎಂಟು ಗಂಟೆಗೆ ಊದುವ ಕಹಳೆ ನಿಂತಿರಲಿಲ್ಲ. ಪಂದ್ಯ ನೋಡಲು ಹೋದವರು ಒಂದು ಸಂಜೆಯನ್ನು ಅಲ್ಲಿಗೆ ಕೊಡುವುದು ಉಚಿತ.

ಶುಕ್ರವಾರ ಔಡೆನಾರ್ಡೆಯಲ್ಲಿ ಪಂದ್ಯದ ವಸ್ತುಸಂಗ್ರಹಾಲಯವನ್ನು ನೋಡಿ, ಅಲ್ಲಿಂದ ಹೊರಡುವ ಗುರುತಿನ ದಾರಿಗಳಲ್ಲಿ ಒಂದನ್ನು ಹಿಡಿದೆವು. ವರ್ಷದ ಯಾವ ದಿನ ಹೋದರೂ ಈ ದಿಬ್ಬಗಳನ್ನು ಸುತ್ತಿಬರುವಂತೆ ಮೂರು ದಾರಿಗಳಿಗೆ ಮೂರು ಬಣ್ಣದ ಫಲಕಗಳನ್ನು ನೆಟ್ಟಿದ್ದಾರೆ. ಇದಲ್ಲದೆ ನಾಡಿನಾದ್ಯಂತ ಸೈಕಲ್ ದಾರಿಗಳು ಕೂಡುವಲ್ಲೆಲ್ಲ ಒಂದೊಂದು ಸಂಖ್ಯೆ ಬರೆದ ಫಲಕವಿದೆ. ಹೋಗಬೇಕಾದ ಊರಿನ ವರೆಗಿನ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಭಾಷೆ ಬರದವನೂ ದಾರಿ ತಪ್ಪುವುದಿಲ್ಲ. ಈ ಏರ್ಪಾಡು ಮೊದಲು ಹುಟ್ಟಿದ್ದು ಬೆಲ್ಜಿಯಂನ ಲಿಂಬರ್ಗ್ ಪ್ರಾಂತದಲ್ಲಿ; ಕಲ್ಪಿಸಿದವನು ಹ್ಯೂಗೊ ಬೊಲ್ಲೆನ್ ಎಂಬ ಗಣಿಯ ಎಂಜಿನಿಯರು. ಗಣಿಯ ಕತ್ತಲೆಯಲ್ಲಿ ದಾರಿ ಕಾಣಿಸಿಕೊಡುವ ಕೆಲಸ ಮಾಡಿದವನಿಗೆ ಬೆಳಕಿನಲ್ಲಿ ಅದು ಕಷ್ಟವಾಗಲಿಲ್ಲವೇನೋ.

ಆ ದಾರಿಯಲ್ಲಿ ನಾವು ರೊನ್ಸೆ ಎಂಬ ಊರನ್ನು ತಲುಪಿದೆವು. ಸಭಿಕರೆ, ಈ ಊರಿನ ಹೆಸರನ್ನು ನೆನಪಿಡಿರಿ. ಬೆಲ್ಜಿಯಂನಲ್ಲಿ ಡಚ್ ಪ್ರದೇಶಕ್ಕೂ ಫ್ರೆಂಚ್ ಪ್ರದೇಶಕ್ಕೂ ನಡುವಣ ಭಾಷಾಗಡಿಯನ್ನು ೧೯೬೨ರ ಕಾನೂನು ನಿಶ್ಚಯಿಸಿ, ಮರುವರ್ಷ ಜಾರಿಗೆ ತಂದಿತು. ಮೌಸ್‌ಕ್ರಾನ್, ಕೊಮೀನ್ ಎಂಬ ಊರುಗಳು ಆಗ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋದವು. ಫೂರೆನ್ ಎಂಬ ಆರು ಹಳ್ಳಿಗಳ ಗುಂಪು ಈ ಕಡೆಗೆ ಬಂತು. ೧೯೫೬ರ ನವೆಂಬರ್ ೧ನ್ನು ಕಂಡ ನಮಗೆ ಈ ವಿಧದ ವಾಕ್ಯಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಆರು ಹಳ್ಳಿಗಳ ಜಗಳವು ೧೯೮೭ರಲ್ಲಿ ದೇಶದ ಸರ್ಕಾರವನ್ನೇ ಉರುಳಿಸಿತು. ರೊನ್ಸೆ ಊರು ಡಚ್ ಪ್ರದೇಶದಲ್ಲಿ ಉಳಿಯಿತು. ಅಲ್ಲಿಯ ಫ್ರೆಂಚ್ ಮಾತಿನವರಿಗೆ ತಮ್ಮ ನುಡಿಯಲ್ಲಿ ಪುರಸಭೆಯೊಡನೆ ವ್ಯವಹರಿಸುವ ಸೌಲಭ್ಯವನ್ನು ಕಾನೂನೇ ಕೊಟ್ಟಿತು. ಗಡಿಯಾಚೆ ಫ್ರೆಂಚ್ ಪ್ರದೇಶದ ಫ್ಲೊಬೆಕ್ ಊರಿನಲ್ಲಿ ಡಚ್ಚರಿಗೂ ಇಂಥದೇ ಸೌಲಭ್ಯವಿದೆ. ನಾವು ಸೈಕಲ್ ತುಳಿಯುತ್ತಿದ್ದಂತೆ ಒಂದು ತಿರುವಿನಲ್ಲಿ ಫಲಕಗಳ ಭಾಷೆ ಬದಲಾಯಿತು. ಗೇಟಿಲ್ಲ, ಕಾವಲಿಲ್ಲ, ಹೊಲವೂ ಅದೇ, ಹಸುವೂ ಅದೇ. ನಾವು ನಾಲ್ವರೂ ತಾವಾಗಿಯೇ ಸೈಕಲ್ಲಿನಿಂದ ಇಳಿದು ಸ್ವಲ್ಪ ಹೊತ್ತು ನಿಂತೆವು. ತಲಪಾಡಿಯನ್ನು ದಾಟಿದ ಬಳಿಕ ಫಲಕಗಳು ಬದಲಾಗುವುದನ್ನು ಬಾಲ್ಯದಿಂದ ಕಂಡವರು ನಾವು.

ಹೋಲಿಕೆಗೆ ಮಿತಿಯುಂಟು. ಡಚ್ ಮಾತಿನವರು ಬೆಲ್ಜಿಯಂನಲ್ಲಿ ಸಂಖ್ಯೆಯಲ್ಲಿ ಹೆಚ್ಚಿನವರು. ನಾವು ಈ ರಾಜ್ಯದಲ್ಲಿ ಅಲ್ಪಸಂಖ್ಯಾತರು. ಅವರ ಕಷ್ಟವೇ ಬೇರೆ, ನಮ್ಮದೇ ಬೇರೆ. ಆದರೂ ಅಂದು ನಮಗೆ ತೋರಿದ ಒಂದು ಸಂಗತಿಯನ್ನು ತಮ್ಮ ಮುಂದೆ ಇಡುತ್ತೇವೆ. ಕಾನೂನು ಒಂದು ನುಡಿಗೆ ಕಚೇರಿಯಲ್ಲಿ ಜಾಗ ಕೊಡಬಹುದು. ಆ ನುಡಿಗೆ ಒಂದು ಭಾನುವಾರವನ್ನು ಕೊಡುವವರು ಜನರೇ. ಆಡುವುದಕ್ಕೆ, ನಗುವುದಕ್ಕೆ, ಜಗಳವಾಡುವುದಕ್ಕೆ, ಮಕ್ಕಳು ಆಸೆಪಟ್ಟು ಓದುವುದಕ್ಕೆ ಅದರಲ್ಲಿ ಏನಾದರೂ ಇರಬೇಕು. ಫಾನ್ ವೈನೆನ್‌ಡಾಲೆ ಮಾಡಿದ್ದು ಅದನ್ನೇ ಅಲ್ಲವೆ? ಪಂದ್ಯದ ಸುದ್ದಿ ಬೇಕಾದವನು ಡಚ್ ಪತ್ರಿಕೆಯನ್ನು ಓದಿದ.

ಶನಿವಾರ ನಮ್ಮ ಸವಾರಿ. ಅದಕ್ಕೆ ಹಿಂದಿನ ವರ್ಷವೇ ಹೆಸರು ಕೊಟ್ಟು ಶುಲ್ಕ ಕಟ್ಟಿರಬೇಕು. ಬಹಳ ದೀರ್ಘವಾದುದರಿಂದ ಹಿಡಿದು ನೂರು ಕಿಲೋಮೀಟರಿಗೂ ಕಡಿಮೆಯಾದುದರ ವರೆಗೆ ಹಲವು ದೂರಗಳಿವೆ. ನಾವು ಅತಿ ಚಿಕ್ಕದನ್ನು ಆರಿಸಿದೆವು. ಕೊಪ್ಪೆನ್‌ಬರ್ಗಿನ ಬುಡಕ್ಕೆ ಬಂದಾಗ ಮುಂದೆ ಜನವೋ ಜನ. ಒಬ್ಬ ಕಾಲೂರಿದರೆ ಹಿಂದಿನ ನೂರು ಜನ ಕಾಲೂರಬೇಕು. ನಮ್ಮಲ್ಲಿ ಒಬ್ಬರು ಅರ್ಧದವರೆಗೆ ತುಳಿದರು. ಉಳಿದ ಮೂವರು ಮೊದಲ ಕಡಿದಿನಲ್ಲಿಯೇ ಇಳಿದು ಸೈಕಲ್ಲನ್ನು ತಳ್ಳುತ್ತ ಹತ್ತಿದೆವು. ಇಷ್ಟು ದೂರ, ಇಷ್ಟು ಖರ್ಚು, ಒಂದು ವರ್ಷ ತಪ್ಪಿ ಇನ್ನೊಂದು ವರ್ಷ ಕಾದು, ಕೊನೆಗೆ ತಳ್ಳುವುದಕ್ಕೆ ಬಂದೆವೇ ಎಂಬ ನಾಚಿಕೆ ರಾತ್ರಿಯ ಊಟದಲ್ಲಿಯೂ ಹೋಗಲಿಲ್ಲ. ಪಾಟರ್‌ಬರ್ಗನ್ನು ಮಾತ್ರ ಇಬ್ಬರು ಪೂರ್ತಿ ತುಳಿದೆವೆಂಬುದು ಸ್ವಲ್ಪ ಸಮಾಧಾನ. ಪಂದ್ಯವು ತನ್ನ ಮನೆಯ ಮುಂದೆ ಹಾದುಹೋಗಲೆಂದು ಅಲ್ಲಿಯ ಒಬ್ಬ ಒಕ್ಕಲಿಗನೇ ಆ ದಾರಿಗೆ ಕಲ್ಲು ಹಾಸಿಸಿದನೆಂದು ಊರಿನವರು ಹೇಳುತ್ತಾರೆ.

ಭಾನುವಾರದ ವಿಚಾರವಾಗಿ ಒಂದು ಎಚ್ಚರಿಕೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ನಸುಕಿನಲ್ಲಿ ಯೂರೋಪಿನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ೨೦೨೪ರಲ್ಲಿ ಅದೂ ಪಂದ್ಯದ ದಿನವೇ ಬಂತು. ಅದರ ಮೇಲೆ ಹಬ್ಬ. ಅಂಗಡಿಗಳು ಮುಚ್ಚಿರುತ್ತವೆ, ರೈಲುಗಳು ಕಡಿಮೆ. ಹಿಂದಿನ ದಿನವೇ ರೊಟ್ಟಿ, ಬಾಳೆಹಣ್ಣು, ನೀರು ಕಟ್ಟಿಟ್ಟುಕೊಂಡಿದ್ದೆವು. ಎಲ್ಲಿ ನಿಲ್ಲಬೇಕೆಂಬುದು ಇನ್ನೊಂದು ಪ್ರಶ್ನೆ. ರಸ್ತೆಯ ಬದಿ ಬಹುಮಟ್ಟಿಗೆ ಎಲ್ಲರಿಗೂ ತೆರೆದದ್ದು, ಚೀಟಿ ಬೇಡ. ಔಡೆ ಕ್ವಾರೆಮಾಂಟಿನಲ್ಲಿ ನಿಂತವರಿಗೆ ಪುರುಷರ ಪಂದ್ಯ ಮೂರು ಸಲ ಕಾಣಸಿಗುತ್ತದೆ. ಕೊಪ್ಪೆನ್‌ಬರ್ಗಿನಲ್ಲಿ ಒಂದೇ ಸಲ. ಬುದ್ಧಿವಂತರು ಮೊದಲನೆಯದನ್ನು ಆರಿಸಬೇಕು. ನಾವು ಎರಡನೆಯದನ್ನು ಆರಿಸಿದೆವು. ನಮ್ಮನ್ನು ಸೋಲಿಸಿದ ದಿಬ್ಬವನ್ನು ಗೆಲ್ಲುವವರು ಹೇಗೆ ಗೆಲ್ಲುತ್ತಾರೆಂದು ನೋಡಬೇಕಾಗಿತ್ತು.

ಗಂಟೆಗಟ್ಟಲೆ ಕಾದೆವು. ಹಳದಿ ಬಟ್ಟೆಯ ಮೇಲೆ ಕಪ್ಪು ಸಿಂಹದ ಬಾವುಟಗಳು ಎರಡೂ ಬದಿಯಲ್ಲಿ ಹಾರಾಡುತ್ತಿದ್ದವು. ಮಳೆ ಬಿತ್ತು; ಕಲ್ಲುಗಳ ಮೇಲೆ ಕೆಸರು ಹರಡಿತು. ಮೊದಲು ಹೆಲಿಕಾಪ್ಟರಿನ ಸದ್ದು, ಬಳಿಕ ಮೋಟಾರು ಸೈಕಲ್ಲುಗಳು, ಬಳಿಕ ವಿಶ್ವವಿಜೇತನ ಅಂಗಿ ತೊಟ್ಟ ಮತ್ಯೂ ಫಾನ್ ಡೆರ್ ಪೂಲ್ ಒಬ್ಬನೇ ಒಂದೇ ಸಮನೆ ತುಳಿದುಕೊಂಡು ನಮ್ಮ ಮುಂದೆ ಹಾದುಹೋದ. ಅವನ ಹಿಂದೆ ನಾವು ಕಂಡ ನೋಟವನ್ನು ಎಂದಿಗೂ ಮರೆಯಲಾರೆವು. ಬೆರಳೆಣಿಕೆಯವರ ಹೊರತು ಉಳಿದವರ ಚಕ್ರಗಳು ಜಾರಿದವು. ಜಗತ್ತಿನ ಅತಿಶ್ರೇಷ್ಠ ಸವಾರರು ಇಳಿದು, ಜಾರುವ ಪಾದರಕ್ಷೆಗಳಲ್ಲಿ ಎಡವುತ್ತ, ಸೈಕಲ್ಲನ್ನು ತಳ್ಳಿಕೊಂಡು ನಡೆದರು! ಹಿಂದಿನ ದಿನ ನಾವು ಇಳಿದ ಜಾಗದಲ್ಲಿಯೇ ಅವರೂ ಇಳಿದರು. ನಮ್ಮ ಕೃಷಿಕ ಮಿತ್ರರು ಮೆಲ್ಲನೆ, "ನಡೆಯುವುದು ಸೋಲಲ್ಲ ಮಾಷ್ಟ್ರೇ, ತಿರುಗಿ ಹೋಗುವುದು ಸೋಲು" ಎಂದರು. ಫಾನ್ ಡೆರ್ ಪೂಲ್ ಅಲ್ಲಿಂದ ಸುಮಾರು ೪೫ ಕಿಲೋಮೀಟರು ಒಂಟಿಯಾಗಿ ಸಾಗಿ ಗೆದ್ದ. ಅದು ಅವನ ಮೂರನೆಯ ಗೆಲುವು. ಈ ಪಂದ್ಯವನ್ನು ಮೂರು ಸಲ ಗೆದ್ದವರ ಪಟ್ಟಿಯಲ್ಲಿ ಅವನು ಏಳನೆಯವನಾದ. ಮಹಿಳೆಯರ ಪಂದ್ಯವನ್ನು ಇಟಲಿಯ ಎಲಿಸಾ ಲೋಂಗೊ ಬೊರ್ಗಿನಿ ಗೆದ್ದಳು.

ಇನ್ನು ಒಂದೇ ಒಂದು ಸಂಗತಿ. ಔಡೆನಾರ್ಡೆಯಿಂದ ನಮ್ಮ ಆ ಕೃಷಿಕ ಮಿತ್ರರು ತಮ್ಮ ಮೊಮ್ಮಗನಿಗೆ ಕೊಪ್ಪೆನ್‌ಬರ್ಗಿನ ಚಿತ್ರವಿದ್ದ ಒಂದು ಕಾರ್ಡನ್ನು ಬರೆದಿದ್ದರು, ಕನ್ನಡದಲ್ಲಿ, ತುಂಬ ಪ್ರೀತಿಯಿಂದ. ಅವರು ಊರಿಗೆ ಬಂದ ಹತ್ತು ದಿನದ ಮೇಲೆ ಕಾರ್ಡು ಬಂತು. ಹುಡುಗ 'ಬೇರೆ ಮಾಧ್ಯಮದ' ಶಾಲೆಯಲ್ಲಿ ಏಳನೆಯ ತರಗತಿಯಲ್ಲಿ ಓದುವವನು. ಚಿತ್ರವನ್ನು ನೋಡಿ ಕುಣಿದಾಡಿದ, ಬೆನ್ನಿಗೆ ತಿರುಗಿಸಿ, "ಅಜ್ಜ, ಇದರಲ್ಲಿ ಏನು ಬರೆದದ್ದು?" ಎಂದು ಕೇಳಿದ. ಮಿತ್ರರು ಇದನ್ನು ನಮಗೆ ಹೇಳಿದ್ದು ಒಂದು ತಿಂಗಳ ಬಳಿಕ. ಸಂಘದ ಇಷ್ಟು ಠರಾವುಗಳಿಗೆ ಸಹಿ ಹಾಕಿದ ಕೈ ತನ್ನ ಮನೆಯಲ್ಲಿಯೇ ಓದುಗನನ್ನು ಪಡೆಯಲಿಲ್ಲವೆಂದು ಅವರು ಕಣ್ಣೀರು ತಂದುಕೊಂಡರು. ನಾವು ಸುಮ್ಮನಿದ್ದೆವು. ನಮ್ಮ ನಮ್ಮ ಮನೆಗಳ ಸ್ಥಿತಿಯೂ ಬಹಳ ಭಿನ್ನವಾಗಿರಲಿಲ್ಲ.

ಅಂದಿನಿಂದ ಭಾನುವಾರದ ಸವಾರಿಗೆ ಆ ಹುಡುಗನೂ ಅವನ ಜೊತೆಗಾರರೂ ಬರುತ್ತಿದ್ದಾರೆ. ಒಂದು ನಿಯಮ ಮಾಡಿದ್ದೇವೆ: ಪ್ರತಿ ವಾರ ಒಂದು ಕನ್ನಡ ಶಾಲೆಯವರೆಗೆ ತುಳಿಯಬೇಕು, ಅದರ ಹೆಸರಿನ ಹಲಗೆಯನ್ನು ಹುಡುಗರೇ ಓದಬೇಕು, ಆಮೇಲೆ ಚಹಾ ತಿಂಡಿ. ಕಳೆದ ತಿಂಗಳು ಅವನು ಅಕ್ಷರ ಕೂಡಿಸಿ ಕೂಡಿಸಿ ನಾಲ್ಕು ಹಲಗೆಗಳನ್ನು ಓದಿದ. ಒತ್ತಕ್ಷರ ಬಂದಲ್ಲಿ ಎಡವುತ್ತಾನೆ, ಇಳಿದು ತಳ್ಳುತ್ತಾನೆ, ಆದರೆ ತಿರುಗಿ ಹೋಗುವುದಿಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇವೆ. ಮುಂದಿನ ಮಾಘ ಮಾಸದಲ್ಲಿ, ಹೆದ್ದಾರಿಯನ್ನು ಬಿಟ್ಟು ಒಳದಾರಿಗಳಲ್ಲಿ, ಮಂಜೇಶ್ವರದಿಂದ ಚಂದ್ರಗಿರಿಯ ದಡದವರೆಗೆ ಮಕ್ಕಳ ಒಂದು ಸೈಕಲ್ ಸವಾರಿಯನ್ನು ಸಂಘದ ಹೆಸರಿನಲ್ಲಿ ನಡೆಸಲು ಅಪ್ಪಣೆ ಬೇಡುತ್ತೇವೆ. ಅದು ಪಂದ್ಯವಲ್ಲ, ಯಾರೂ ಸೋಲುವುದಿಲ್ಲ. ದಾರಿಯ ಶಾಲೆಗಳಲ್ಲಿ ನೀರು, ಅವಲಕ್ಕಿ, ಒಂದು ಮುದ್ರೆ. ದೊಡ್ಡವರು ಸೇರುವುದಾದರೆ ತಲೆಗೆ ಐನೂರು ರೂಪಾಯಿ ಕೊಡಬೇಕು. ಆ ಹಣ ಶಾಲೆಯ ಮಾಡಿನ ಹಂಚಿಗೆ. ನಾವು ನಾಲ್ವರು ನಮ್ಮ ಪ್ರಯಾಣದ ಖರ್ಚಿನ ಕಾಲುಭಾಗದಷ್ಟನ್ನು ಆ ನಿಧಿಗೆ ಈ ದಿನವೇ ಸಲ್ಲಿಸುತ್ತಿದ್ದೇವೆ. ಅದು ಪೂರ್ತಿ ಮಾಡಿಗೆ ಸಾಲದು. ಜೂನ್ ತಿಂಗಳ ಮೊದಲು ಉತ್ತರದ ಬದಿಯ ಎರಡು ಕೋಣೆಗಳಾದರೂ ಸೋರದಂತಾದರೆ, ಅಜ್ಜನವರು ನಮ್ಮನ್ನು ಅರ್ಧದಷ್ಟಾದರೂ ಕ್ಷಮಿಸುವರೆಂದು ನಂಬಿದ್ದೇವೆ.